ಕೇಸು ಗೆದ್ದರು, ದುಡ್ಡು ಬರಲಿಲ್ಲ

ಹೋದ ತಿಂಗಳು ನಿವೃತ್ತ ಟೀಚರ್ ಒಬ್ಬರು ನನ್ನ ಆಫೀಸಿಗೆ ಬಂದಿದ್ದರು. ಕೈಯಲ್ಲಿ ಜಿಲ್ಲಾ ಗ್ರಾಹಕರ ಆಯೋಗದ ಆದೇಶ. ಪದೇ ಪದೇ ಕೆಟ್ಟ ಫ್ರಿಜ್ಜಿನ ದುಡ್ಡನ್ನು ಬಡ್ಡಿ ಸಮೇತ 45 ದಿನದೊಳಗೆ ವಾಪಸ್ ಕೊಡಬೇಕು ಅಂತ ಅದರಲ್ಲಿತ್ತು. ಆದೇಶವಾಗಿ ಏಳು ತಿಂಗಳಾಗಿತ್ತು. "ಗೆದ್ದೆ ಅಂತ ನೆಂಟರಿಗೆಲ್ಲ ಹೇಳಿಬಿಟ್ಟೆ ಸಾರ್, ಒಂದು ರೂಪಾಯಿನೂ ಬಂದಿಲ್ಲ" ಎಂದರು.

2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಒಳ್ಳೆಯ ಅಂಶಗಳು ಬೇಕಾದಷ್ಟಿವೆ. ನಾವು ವಾಸವಿರುವ ಊರಿನಲ್ಲೇ ದೂರು ಕೊಡಬಹುದು. ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ವಕೀಲರೇ ಬೇಕು ಅಂತಿಲ್ಲ. ವಕೀಲನಾದ ನಾನೇ ಇದನ್ನು ಎಲ್ಲರಿಗೂ ಹೇಳುತ್ತೇನೆ.

ನೋಟಿಸ್ ತಲುಪಿದ ಮೇಲೆ 3 ತಿಂಗಳಲ್ಲಿ ಕೇಸು ಮುಗಿಸಲು ಪ್ರಯತ್ನಿಸಬೇಕು ಎನ್ನುತ್ತದೆ ಕಾಯ್ದೆ. ಬರೀ ಪ್ರಯತ್ನ ಅಂದಿರುವುದರಿಂದ ಡೇಟ್ ಮೇಲೆ ಡೇಟ್ ಬೀಳುತ್ತದೆ. ಎದುರು ಪಕ್ಷ ಉತ್ತರ ಕೊಡುವ ಗಡುವು ಹಾಗಲ್ಲ. 30 ದಿನ, ಜಾಸ್ತಿ ಅಂದರೆ ಇನ್ನು 15. ಅದರ ಮೇಲೆ ಒಂದು ದಿನವೂ ಇಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೇಳಿತು. ಆಮೇಲೆ ಕಂಪನಿಗಳ ವಕೀಲರು ಗಡುವಿಗೆ ಮುಂಚೆಯೇ ಓಡಿ ಬರುವುದನ್ನು ನೋಡಿದ್ದೇನೆ.

ನನಗೆ ನಿಜವಾಗಿ ಸಂಕಟವಾಗುವುದು ಆದೇಶದ ನಂತರ. ಕಂಪನಿ ಮೇಲ್ಮನವಿ ಹಾಕಬೇಕಾದರೆ ಆದೇಶದ ಅರ್ಧ ಮೊತ್ತ ಕಟ್ಟಬೇಕು. ಸುಮ್ನೆ ಕೂತರೆ? ಸದ್ಯಕ್ಕೆ ಏನೂ ಕಟ್ಟಬೇಕಿಲ್ಲ. ಟೀಚರ್ ಕೇಸಿನಲ್ಲಿ ಆಗಿದ್ದೂ ಇದೇ. ಆದೇಶ ಪಾಲಿಸದವರಿಗೆ ಒಂದು ತಿಂಗಳಿಂದ ಮೂರು ವರ್ಷದವರೆಗೆ ಜೈಲು, ಇಲ್ಲವೇ ಕನಿಷ್ಠ 25,000 ರೂಪಾಯಿ ದಂಡ, ಅಥವಾ ಎರಡೂ ಇವೆ. ಆದರೆ ಅದಕ್ಕೆ ಗ್ರಾಹಕರೇ ಮತ್ತೆ ಅರ್ಜಿ ಹಾಕಿ, ಮತ್ತೆ ಡೇಟ್‌ಗೆ ಅಲೆಯಬೇಕು. ಅಷ್ಟರಲ್ಲಿ ಎಷ್ಟೋ ಜನ ಕೈಚೆಲ್ಲುತ್ತಾರೆ. ಗಡುವು ಮುಗಿದ ಮರುದಿನವೇ ಆಯೋಗ ತಾನಾಗಿ ಕಡತ ತೆಗೆದು "ದುಡ್ಡು ಕೊಟ್ಟಿರಾ?" ಅಂತ ಕೇಳುವಂತಾಗಬೇಕು. ಸೋತವರನ್ನು ಗೆದ್ದವರೇ ಯಾಕೆ ಬೆನ್ನಟ್ಟಬೇಕು?

ಟೀಚರ್ ತಂದಿದ್ದ ಪ್ಲಾಸ್ಟಿಕ್ ಕವರ್ ಬಿಡಿಸಿ ನೋಡಿದೆ. ಅಂಗಡಿಯ ಬಿಲ್ಲಿನಲ್ಲಿ ಅಕ್ಷರವೇ ಉಳಿದಿರಲಿಲ್ಲ, ಬಿಳಿ ಚೀಟಿ. ಈ ನುಣುಪು ಕಾಗದದ ಬಿಲ್ಲುಗಳು ಹಾಗೇ ಮಾಸಿಹೋಗುತ್ತವೆ. ಪುಣ್ಯಕ್ಕೆ ಅವರು ಕೊಂಡ ದಿನವೇ ಜೆರಾಕ್ಸ್ ಮಾಡಿಸಿದ್ದರು. ಮೆಕ್ಯಾನಿಕ್ ಬಂದಾಗೆಲ್ಲ ಕೊಟ್ಟಿದ್ದ ಚೀಟಿಗಳೂ ತಾರೀಖಿನ ಪ್ರಕಾರ ಪಿನ್ ಆಗಿದ್ದವು. ಅವರು ಗೆದ್ದಿದ್ದು ಆ ಚೀಟಿಗಳಿಂದಲೇ.

ಅವತ್ತೇ ಜಾರಿ ಅರ್ಜಿ ಸಿದ್ಧ ಮಾಡಿದೆವು. ಸಹಿ ಹಾಕಿದವರೇ ಅವರು ಕೇಳಿದ್ದು, "ಇದರದ್ದೂ ಒಂದು ಜೆರಾಕ್ಸ್ ಕೊಡಿ ಸಾರ್."