ಅಜ್ಜಿಯ ಕಾಲದ ಲಕ್ಷ್ಮಿ ಪಟ: ರವಿವರ್ಮ ಬರೆದದ್ದೇ, ಅಚ್ಚೇ?

ಪ್ರಶ್ನೆ: ದೇವರಮನೆಯ ಹಳೆಯ ಲಕ್ಷ್ಮಿ ಪಟದಲ್ಲಿ ರವಿವರ್ಮನ ಸಹಿ ಇದೆ. ಇದು ಅಸಲಿಯೇ? ಅಚ್ಚಾದರೆ ಬೆಲೆಯಿಲ್ಲವೇ?

ಸಹಿಯನ್ನು ನಂಬಬೇಡಿ. ಕಲ್ಲಚ್ಚಿನಲ್ಲಿ, ಅಂದರೆ ಕಲ್ಲಿನ ಮೇಲೆ ಚಿತ್ರ ಬರೆದು ಕಾಗದಕ್ಕೆ ಒತ್ತುವ ಮುದ್ರಣದಲ್ಲಿ, ಸಹಿಯೂ ಚಿತ್ರದ ಜೊತೆಗೇ ಅಚ್ಚಾಗುತ್ತದೆ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿಯನ್ನು ದೇವಿಯ ಕೆನ್ನೆಯ ಮೇಲೆ ಹಿಡಿಯಿರಿ. ಕುಂಚದ ಎಳೆ ಕಂಡರೆ ಬರೆದ ಚಿತ್ರ. ಅಡ್ಡಾದಿಡ್ಡಿ ಚುಕ್ಕಿಗಳು ಕಂಡರೆ ಹಳೆಯ ಕಲ್ಲಚ್ಚು. ಚುಕ್ಕಿಗಳು ಸಮ ಅಂತರದಲ್ಲಿ ಸಾಲುಗಟ್ಟಿದ್ದರೆ ಇತ್ತೀಚಿನ ಆಫ್‌ಸೆಟ್ ಮುದ್ರಣ. ಕ್ಯಾನ್ವಾಸಿನಂಥ ಒರಟು ಮೈಗೂ ಮೋಸಹೋಗಬೇಡಿ. ಅದನ್ನು ಕಾಗದದ ಮೇಲೆ ಒತ್ತಿ ವಾರ್ನಿಷ್ ಹಚ್ಚುತ್ತಿದ್ದರು.

ರವಿವರ್ಮನ ಮುದ್ರಣಾಲಯ ಮುಂಬೈಯಲ್ಲಿ ಶುರುವಾದದ್ದು 1894ರಲ್ಲಿ. ಆಮೇಲೆ ಲೋನಾವಳದ ಹತ್ತಿರದ ಮಳವಳಿಗೆ ಹೋಯಿತು. ಒಂದೊಂದು ಬಣ್ಣಕ್ಕೂ ಒಂದೊಂದು ಸುಣ್ಣಕಲ್ಲು. ಅದರ ಮೇಲೆ ಜಿಡ್ಡಿನ ಮಸಿಯಿಂದ ಚಿತ್ರವನ್ನು ಎಡಬಲ ತಿರುಗಿಸಿ ಬರೆದು ಕಲ್ಲನ್ನು ಒದ್ದೆಮಾಡಿದರೆ, ಬಣ್ಣ ಜಿಡ್ಡಿಗಷ್ಟೇ ಅಂಟುತ್ತದೆ. ಒಂದು ಕಲ್ಲು ಕೂದಲೆಳೆಯಷ್ಟು ಸರಿದರೂ ತುಟಿಯ ಕೆಂಪು ಗೆರೆ ದಾಟಿ ಹೊರಗೆ ಚೆಲ್ಲುತ್ತದೆ. ನಿಮ್ಮ ಪಟದಲ್ಲೂ ತುಟಿ, ಬಳೆಗಳ ಅಂಚು ನೋಡಿ.

ಇನ್ನು ಬೆಲೆಯ ಮಾತು. ರವಿವರ್ಮನ ಮೂಲ ಚಿತ್ರ ನೋಡಲು ಅರಮನೆಯ ಬಾಗಿಲು ತೆರೆಯಬೇಕಿತ್ತು. (ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಈಗ ಎಲ್ಲರೂ ನೋಡಬಹುದು.) ದೇವರನ್ನು ನೋಡಲು ಗುಡಿಗೆ ಹೋಗಬೇಕಿತ್ತು, ಅಲ್ಲಿಗೆ ಎಷ್ಟೋ ಜನರಿಗೆ ಪ್ರವೇಶವೇ ಇರಲಿಲ್ಲ. ಅಚ್ಚಿನ ಪಟ ಆ ತಡೆಯನ್ನು ದಾಟಿ ಗುಡಿಸಲಿನ ಗೋಡೆಗೂ ಬಂತು. ಸೀರೆಯುಟ್ಟು ಕಮಲದ ಮೇಲೆ ನಿಂತ, ಪಕ್ಕದಲ್ಲಿ ಆನೆಯಿರುವ ಅದೇ ರೂಪ ಮನೆಮನೆಯ ಲಕ್ಷ್ಮಿಯಾಯಿತು. ಇದರಲ್ಲಿ ನಷ್ಟವೂ ಇದೆ: ಊರೂರಿನ ಕಲಾವಿದರು ಬರೆಯುತ್ತಿದ್ದ ಬೇರೆ ಬೇರೆ ಮುಖಗಳು ಹಿಂದೆ ಸರಿದವು. ಆದರೆ ಯಂತ್ರದಿಂದ ಬಂದ ಚಿತ್ರಕ್ಕೆ ದೈವತ್ವ ಇಲ್ಲ ಎನ್ನುವುದನ್ನು ನಾವು ಒಪ್ಪುವುದಿಲ್ಲ. ಅರಮನೆಯ ಮೂಲಚಿತ್ರಕ್ಕೆ ಯಾರೂ ಹೂ ಮುಡಿಸಲಿಲ್ಲ. ಪೂಜೆ ಸಂದದ್ದು ಅಚ್ಚಿಗೇ. ಕೆಲವರು ಸೀರೆಯ ಅಂಚಿಗೆ ಜರಿ, ಕೊರಳಿಗೆ ಮಣಿ ಅಂಟಿಸಿ ತಮ್ಮದೇ ಲಕ್ಷ್ಮಿಯನ್ನು ಮಾಡಿಕೊಂಡರು.

ಕಾಪಾಡುವುದು ಹೇಗೆ? ಒದ್ದೆ ಬಟ್ಟೆ ತಾಗಿಸಬೇಡಿ, ಲ್ಯಾಮಿನೇಟ್ ಮಾಡಿಸಲೇಬೇಡಿ. ಹಿಂದಿರುವ ಮರದ ಹಲಗೆಯ ಆಮ್ಲ ಕಾಗದವನ್ನು ಕಂದಾಗಿಸುತ್ತದೆ; ಆಮ್ಲರಹಿತ ರಟ್ಟು ಹಾಕಿಸಿ. ಗಾಜು ಪಟಕ್ಕೆ ತಾಗಿದರೆ ಮಳೆಗಾಲದಲ್ಲಿ ವಾರ್ನಿಷ್ ಅದಕ್ಕೆ ಅಂಟಿಕೊಳ್ಳುತ್ತದೆ, ಬಿಡಿಸಲು ಹೋದರೆ ಬಣ್ಣವೇ ಕಿತ್ತುಬರುತ್ತದೆ. ನಡುವೆ ಎರಡು ಮೂರು ಮಿಲಿಮೀಟರ್ ಜಾಗ ಬಿಡಿಸಿ. ಅಜ್ಜಿ ಇಟ್ಟ ಕುಂಕುಮದ ಕಲೆಯನ್ನು ಮಾತ್ರ ತೆಗೆಸಬೇಡಿ. ಅದೇ ಕಲ್ಲಿನಿಂದ ಬಂದ ಬೇರೆ ಯಾವ ಪ್ರತಿಯಲ್ಲೂ ಅದು ಇಲ್ಲ.