ದೊಡ್ಡ ಅನ್ಯೂರಿಸಂ: ಚೀಲ ತುಂಬಬೇಕೋ, ಹರಿವು ತಿರುಗಿಸಬೇಕೋ?

ಮಡಿಕೇರಿಯಲ್ಲಿ ಜೊತೆಗೆ ಓದುತ್ತಿರುವವರಿಗಾಗಿ ಬರೆದಿಟ್ಟ ಟಿಪ್ಪಣಿ ಇದು.

ಮಿದುಳಿನ ಅಪಧಮನಿಯ ಗೋಡೆ ಒಂದು ಕಡೆ ಸೋತು ಚೀಲದಂತೆ ಉಬ್ಬಿದರೆ ಅದೇ ಅನ್ಯೂರಿಸಂ. 10 ಮಿ.ಮೀ. ದಾಟಿದರೆ ದೊಡ್ಡದು, 25 ದಾಟಿದರೆ ದೈತ್ಯ ಎನ್ನುವುದು ರೂಢಿ. ಇಷ್ಟು ದೊಡ್ಡದಾದರೆ ಒಡೆಯದೆಯೂ ಕಾಡುತ್ತದೆ. ಪಕ್ಕದ ನರ ಒತ್ತಿಹೋಗಿ ರೆಪ್ಪೆ ಜೋತುಬೀಳಬಹುದು, ಒಂದು ವಸ್ತು ಎರಡಾಗಿ ಕಾಣಬಹುದು.

1937ರಲ್ಲಿ ಶಸ್ತ್ರಚಿಕಿತ್ಸಕ ವಾಲ್ಟರ್ ಡ್ಯಾಂಡಿ ತಲೆಬುರುಡೆ ತೆರೆದು, ಚೀಲ ನಾಳಕ್ಕೆ ಸೇರುವ ಬಾಯಿಗೆ, ಅಂದರೆ ಕುತ್ತಿಗೆಗೆ, ಕ್ಲಿಪ್ ಹಾಕಿದರು. 1990ರ ದಶಕದಲ್ಲಿ ವೈದ್ಯ ಗುಗ್ಲಿಯೆಲ್ಮಿ ಅವರ ಪ್ಲಾಟಿನಂ ಕಾಯಿಲ್ (ಸುರುಳಿ) ಬಳಕೆಗೆ ಬಂತು. ತೊಡೆಸಂದಿನ ಅಪಧಮನಿಯಿಂದ ಕ್ಯಾತಿಟರ್ ಎಂಬ ತೆಳು ಕೊಳವೆ ಏರಿಸಿ, ಚೀಲದೊಳಗೆ ಸುರುಳಿ ತುಂಬಿ, ರಕ್ತವನ್ನು ಅಲ್ಲೇ ಹೆಪ್ಪುಗಟ್ಟಿಸುವ ವಿಧಾನ. ದೊಡ್ಡ ಚೀಲದಲ್ಲಿ ಇದು ಸೋಲುವುದುಂಟು. ಕುತ್ತಿಗೆ ಅಗಲವಾಗಿದ್ದರೆ ಸುರುಳಿ ನಾಳಕ್ಕೆ ಜಾರುತ್ತದೆ. ಜಾರದಿದ್ದರೂ ರಕ್ತದ ಬಡಿತಕ್ಕೆ ಅದುಮಿ ಕುಗ್ಗಿ, ಚೀಲ ಮತ್ತೆ ತೆರೆದುಕೊಳ್ಳುತ್ತದೆ.

ಇಂಥಲ್ಲಿ ಇನ್ನೊಂದು ದಾರಿ, ಚೀಲ ತುಂಬದೆ ರಕ್ತದ ಹರಿವನ್ನೇ ತಿರುಗಿಸುವ ಫ್ಲೋ ಡೈವರ್ಟರ್. ನನಗೆ ಅದು ಅರ್ಥವಾದದ್ದು ಗದ್ದೆ ಬದಿಯ ತೋಡು ನೋಡಿ. ಮಳೆಗಾಲದಲ್ಲಿ ನೀರು ದಂಡೆ ಕೊರೆದು ಪಕ್ಕಕ್ಕೊಂದು ಗುಂಡಿ ಮಾಡುತ್ತದೆ. ಗುಂಡಿಗೆ ಕಲ್ಲು ಸುರಿದರೆ ಅದು ಕಾಯಿಲ್. ಗುಂಡಿಯ ಬಾಯಿಗೆ ಅಡ್ಡಲಾಗಿ ಬಿದಿರಿನ ತಟ್ಟಿ ನಿಲ್ಲಿಸಿದರೆ? ನೀರು ನೇರ ಸಾಗುತ್ತದೆ, ಗುಂಡಿಯ ಸುಳಿ ನಿಂತು ಹೂಳು ಕೂರುತ್ತದೆ, ತಟ್ಟಿಯ ಮೇಲೆ ಹುಲ್ಲು ಹಬ್ಬಿ ಹೊಸ ದಂಡೆಯೇ ಆಗುತ್ತದೆ. ಡೈವರ್ಟರ್ ಹೀಗೆ ಮೂಲ ನಾಳದೊಳಗೆ ಕೂರುವ ಒತ್ತು ಹೆಣಿಗೆಯ ಲೋಹದ ಕೊಳವೆ. ಲೋಹ ಮುಚ್ಚುವುದು ಸುಮಾರು ಮೂರನೇ ಒಂದು ಭಾಗ ಮಾತ್ರ. ನಾಳದ ಒಳಪದರ ಅದರ ಮೇಲೆ ಬೆಳೆದು ಕುತ್ತಿಗೆಯನ್ನು ಮುಚ್ಚುತ್ತದೆ.

ಹಾಗಾದರೆ ಅದೇ ಹೆಣಿಗೆಯಡಿ ಬರುವ ಕವಲು ನಾಳ ಸಾಮಾನ್ಯವಾಗಿ ಏಕೆ ಮುಚ್ಚುವುದಿಲ್ಲ? ಕವಲಿಗೆ ಆಚೆ ದಾರಿಯಿದೆ, ಮುಂದೆ ಒತ್ತಡ ಕಡಿಮೆ, ಆದ್ದರಿಂದ ಸಂದಿಗಳಿಂದ ರಕ್ತ ಎಳೆದುಕೊಳ್ಳುತ್ತಲೇ ಇರುತ್ತದೆ. ಚೀಲಕ್ಕೆ ಆಚೆ ದಾರಿಯಿಲ್ಲ. ಇಡೀ ಪಾಠದ ಅತಿ ಸುಂದರ ಭಾಗ ಇದೇ ಎಂದು ನನ್ನ ಭಾವನೆ.

ಪೈಪ್‌ಲೈನ್ ಎಂಬ ಡೈವರ್ಟರ್‌ಗೆ ಅಮೆರಿಕದಲ್ಲಿ 2011ರಲ್ಲಿ ಒಪ್ಪಿಗೆ ಸಿಕ್ಕಿತು. ಅದಕ್ಕೆ ಆಧಾರವಾದ 108 ರೋಗಿಗಳ ಪರೀಕ್ಷೆಯಲ್ಲಿ ಆರು ತಿಂಗಳಿಗೆ ಸುಮಾರು ಮುಕ್ಕಾಲು ಪಾಲು ಅನ್ಯೂರಿಸಂಗಳು ಪೂರ್ತಿ ಮುಚ್ಚಿದ್ದವು. ಮುಚ್ಚಲು ತಿಂಗಳುಗಳೇ ಬೇಕು, ಅಲ್ಲಿಯವರೆಗೆ ಒಡೆಯುವ ಭಯ ಉಳಿದಿರುತ್ತದೆ.

ಬರಿಯ ಲೋಹದ ಮೇಲೆ ಹೆಪ್ಪು ಕೂತರೆ ಪಾರ್ಶ್ವವಾಯು. ಅದಕ್ಕೇ ಹೆಪ್ಪು ತಡೆಯುವ ಮಾತ್ರೆಗಳಾದ ಆಸ್ಪಿರಿನ್ ಮತ್ತು ಕ್ಲೋಪಿಡೋಗ್ರೆಲ್ ತಿಂಗಳುಗಟ್ಟಲೆ ಬೇಕು. ಆದರೆ ಇವು ರಕ್ತಸ್ರಾವದ ಭಯ ಹೆಚ್ಚಿಸುತ್ತವೆ. ಆಗಷ್ಟೇ ಒಡೆದ ಅನ್ಯೂರಿಸಂಗೆ ಡೈವರ್ಟರ್ ಹಾಕಲು ವೈದ್ಯರು ಹಿಂಜರಿಯುವುದೂ ಇದೇ ಕಾರಣಕ್ಕೆ. ನಮ್ಮೂರಿನ ರೋಗಿಗೆ ಇನ್ನೊಂದು ಮಾತು ಹೇಳಲೇಬೇಕು. ಮಳೆಯಲ್ಲಿ ಕಾಫಿ ತೋಟಕ್ಕೆ ಹೋದಾಗ ಜಿಗಣೆ ಕಚ್ಚಿದರೆ ರಕ್ತ ಎಂದಿಗಿಂತ ಹೆಚ್ಚು ಹೊತ್ತು ಸೋರುತ್ತದೆ. ಗಾಯ ಒತ್ತಿ ಹಿಡಿಯಿರಿ, ನಿಲ್ಲದಿದ್ದರೆ ವೈದ್ಯರನ್ನು ಕಾಣಿ. ಹೆದರಿ ನೀವಾಗಿಯೇ ಮಾತ್ರೆ ಬಿಡಬೇಡಿ.