ತುಳಸಿ ನೆಟ್ಟರೆ ಸೊಳ್ಳೆ ಹೋಗುತ್ತಾ?

ಪ್ರಶ್ನೆ: ನಮ್ಮದು ಪುಟ್ಟ ಕೈತೋಟ. ಸೊಳ್ಳೆ ಬರಬಾರದೆಂದು ತುಳಸಿ, ನಿಂಬೆಹುಲ್ಲು, ಚೆಂಡುಹೂವಿನ ಗಿಡ ನೆಟ್ಟೆವು. ಸಂಜೆಯಾದರೆ ಕಿಟಕಿ ಮುಚ್ಚುತ್ತೇವೆ. ಆದರೂ ಹಗಲಲ್ಲೇ ಕಾಲಿಗೆ ಕಚ್ಚುತ್ತವೆ. ಇನ್ನು ಯಾವ ಗಿಡ ನೆಡಬೇಕು?

ಉತ್ತರ: ಇನ್ನೊಂದು ಗಿಡ ಬೇಡ. ಮೊದಲು ಇರುವ ಕುಂಡಗಳ ಕೆಳಗಿನ ತಟ್ಟೆ ನೋಡಿ. ನೀರಿನಲ್ಲಿ ದಾರದ ಚೂರಿನಂಥ ಮರಿಹುಳುಗಳು ನುಲಿಯುತ್ತಿದ್ದರೆ, ಸೊಳ್ಳೆ ಓಡಿಸಲು ತಂದ ತುಳಸಿಯ ಬುಡದಲ್ಲೇ ಸೊಳ್ಳೆ ಸಾಕಿದ್ದೀರಿ ಎಂದು ಅರ್ಥ. ನಿಂಬೆಹುಲ್ಲಿನ ಘಾಟು ಇರುವುದು ಎಲೆಯೊಳಗಿನ ಎಣ್ಣೆಯಲ್ಲಿ. ಗಿಡ ಸುಮ್ನೆ ನಿಂತಿದ್ದರೆ ಸೊಳ್ಳೆಗೇನೂ ಆಗದು. ಚಹಾಕ್ಕೆ ಹಾಕಿಕೊಳ್ಳಿ, ಅದಕ್ಕೆ ಬಲು ಚೆನ್ನ.

ಹಗಲಲ್ಲಿ ಕಚ್ಚುವುದು ಹೆಚ್ಚಾಗಿ ಈಡಿಸ್ ಸೊಳ್ಳೆ. ಕಪ್ಪು ಮೈ, ಕಾಲಿಗೆ ಬಿಳಿ ಪಟ್ಟೆ. ಡೆಂಗಿ, ಚಿಕೂನ್‌ಗುನ್ಯಾ ಹರಡುವುದು ಇದೇ. ಚರಂಡಿಯ ಕೊಳಕು ನೀರು ಇದಕ್ಕೆ ಬೇಡ, ನಮ್ಮ ಹಾಗೆ ತಿಳಿನೀರೇ ಬೇಕು. ಅದೂ ಒಂದು ಲೋಟದಷ್ಟಿದ್ದರೆ ಸಾಕು. ಬೆಚ್ಚಗಿನ ದಿನಗಳಲ್ಲಿ ಮೊಟ್ಟೆ 7ರಿಂದ 10 ದಿನಗಳಲ್ಲಿ ಹಾರುವ ಸೊಳ್ಳೆಯಾಗುತ್ತದೆ. ವಾರಕ್ಕೊಮ್ಮೆ ನೀರು ಚೆಲ್ಲಿ ಎಂದು ಆಶಾ ಕಾರ್ಯಕರ್ತೆಯರು ಮನೆಮನೆಗೆ ಬಂದು ಹೇಳುವುದು ಇದಕ್ಕೇ.

ಬರೀ ಚೆಲ್ಲಿದರೆ ಸಾಲದು. ಈಡಿಸ್ ಮೊಟ್ಟೆ ಇಡುವುದು ನೀರಿನ ಅಂಚಿನ ಗೋಡೆಗೆ ಅಂಟಿಸಿ. ಒಣಗಿದರೂ ಅವು ತಿಂಗಳುಗಟ್ಟಲೆ ಜೀವ ಹಿಡಿದಿರುತ್ತವೆ, ಮತ್ತೆ ನೀರು ತುಂಬಿದಾಗ ಒಡೆಯುತ್ತವೆ. ಆದ್ದರಿಂದ ಡ್ರಮ್ಮು, ಬಕೆಟ್ಟು, ಕುಂಡದ ತಟ್ಟೆಯ ಒಳಮೈಯನ್ನು ತೆಂಗಿನ ನಾರಿನಿಂದ ಚೆನ್ನಾಗಿ ತಿಕ್ಕಬೇಕು.

ಇದು ಹೊಸ ಉಪಾಯವೇನಲ್ಲ. ಮಲೇರಿಯಾದ ರೋಗಾಣು ಸೊಳ್ಳೆಯ ಹೊಟ್ಟೆಯಲ್ಲಿ ಬೆಳೆಯುವುದನ್ನು 1897ರಲ್ಲಿ ಸಿಕಂದರಾಬಾದಿನಲ್ಲಿ ಕಂಡುಹಿಡಿದ ರೊನಾಲ್ಡ್ ರಾಸ್, ಅದಕ್ಕೂ ಮೊದಲು, 1883ರಲ್ಲಿ, ಬೆಂಗಳೂರಿನಲ್ಲಿ ಸೇನಾ ವೈದ್ಯರಾಗಿದ್ದರು. ಅವರ ಬಂಗಲೆಯಲ್ಲಿ ವಿಪರೀತ ಸೊಳ್ಳೆ. ನೋಡಿದರೆ ಕಿಟಕಿಯ ಹೊರಗಿದ್ದ ನೀರಿನ ಪೀಪಾಯಿಯಲ್ಲಿ ಮರಿಹುಳುಗಳು. ಪೀಪಾಯಿ ಬೋರಲು ಹಾಕಿದರು, ಸೊಳ್ಳೆ ಇಳಿಯಿತು.

ನಮ್ಮ ಮನೆಯ ಪೀಪಾಯಿ ಎಂದರೆ ಅಜ್ಜಿಯ ಒರಳುಕಲ್ಲು. ಮಿಕ್ಸಿ ಬಂದ ಮೇಲೆ ಹಿತ್ತಿಲು ಸೇರಿತು. ಮಳೆ ನೀರು ತುಂಬಿ ನಿಂತದ್ದು ಎಷ್ಟೋ ದಿನ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಎತ್ತಿ ಬೋರಲು ಹಾಕಲು ಆಗುವ ಕಲ್ಲಲ್ಲ ಅದು. ಕೊನೆಗೆ ಗುಳಿಗೆ ಮಣ್ಣು ತುಂಬಿ ದೊಡ್ಡಪತ್ರೆ ನೆಟ್ಟೆವು. ನೀವೂ ಒಮ್ಮೆ ಸುತ್ತಿ ಬನ್ನಿ. ತೆಂಗಿನ ಚಿಪ್ಪು, ಬಿದ್ದ ಅಡಿಕೆ ಹಾಳೆ, ಹಳೇ ಟೈರು, ಹಕ್ಕಿಗೆಂದು ಇಟ್ಟ ನೀರಿನ ಬಟ್ಟಲು, ಮನಿಪ್ಲಾಂಟಿನ ಬಾಟಲಿ. ಫ್ರಿಜ್ಜಿನ ಹಿಂದೆ ನೀರಿಳಿಯುವ ತಟ್ಟೆಯನ್ನಂತೂ ಮರೆಯದವರೇ ಇಲ್ಲ. ನೆಲದಡಿಯ ನೀರಿನ ಸಂಪ್‌ಗೆ, ಮೇಲಿನ ಟ್ಯಾಂಕಿಗೆ ಸಂದಿಲ್ಲದ ಮುಚ್ಚಳ ಬೇಕು. ತಾವರೆ ತೊಟ್ಟಿಯಿದ್ದರೆ ನಾಲ್ಕು ಗಪ್ಪಿ ಮೀನು ಬಿಡಿ, ಮರಿಹುಳು ತಿನ್ನುತ್ತವೆ. ಆದರೆ ಅವನ್ನು ಕೆರೆಗೆ ಮಾತ್ರ ಬಿಡಬೇಡಿ.

ಬೀದಿಯಲ್ಲಿ ಹೊಗೆ ಹೊಡೆದರೆ ಎಲ್ಲರಿಗೂ ಸಮಾಧಾನ. ಆದರೆ ಆ ಹೊಗೆ ಸಾಯಿಸುವುದು ಹಾರಾಡುವ ಸೊಳ್ಳೆಯನ್ನು ಮಾತ್ರ. ನೀರೊಳಗಿನ ಮರಿಗಳು ಇನ್ನೆರಡು ದಿನಕ್ಕೆ ಹಾರಿ ಬರುತ್ತವೆ.

ರಾತ್ರಿ ಕಿವಿಯ ಹತ್ತಿರ ಗುಂಯ್ ಎನ್ನುವುದು ಹೆಚ್ಚಾಗಿ ಕ್ಯೂಲೆಕ್ಸ್. ಅದು ಹುಟ್ಟುವುದು ಕಟ್ಟಿದ ಚರಂಡಿ, ಶೌಚಗುಂಡಿಗಳಲ್ಲಿ. ಗುಂಡಿಯ ಗಾಳಿ ಪೈಪಿನ ಬಾಯಿಗೆ ಜಾಲರಿ ಕಟ್ಟಿ. ಮಲಗುವಾಗ ಸೊಳ್ಳೆ ಪರದೆ ಇರಲಿ.

ಇಷ್ಟೆಲ್ಲಾ ಮಾಡಿದ ಮೇಲೂ ಹಗಲಲ್ಲಿ ಕಚ್ಚುತ್ತಿದ್ದರೆ? ಈಡಿಸ್ ಸಾಮಾನ್ಯವಾಗಿ ತುಂಬಾ ದೂರ ಹಾರುವುದಿಲ್ಲ. ಅಂದರೆ ಮೂಲ ಪಕ್ಕದ ಮನೆಯಲ್ಲೋ ಹಿಂದಿನ ಖಾಲಿ ಸೈಟಿನಲ್ಲೋ ಇರಬೇಕು. ಜಗಳಕ್ಕೆ ಹೋಗಬೇಡಿ. ಎರಡೆಸಳು ಕರಿಬೇವು ಕೇಳುವ ನೆಪದಲ್ಲಿ ಅವರ ಹಿತ್ತಿಲಿಗೆ ಹೋಗಿ, ಡ್ರಮ್ಮಿನೊಳಗೆ ಇಬ್ಬರೂ ಒಟ್ಟಿಗೇ ಇಣುಕಿ ನೋಡಿ.